ಕಾಂತತೆ ಬಂದದ್ದು ಆಮ್ಲಜನಕದ ಖಾಲಿ ಜಾಗದಿಂದಲೇ? ಸೀರಿಯಾ (ಸೀರಿಯಂ ಡೈಆಕ್ಸೈಡ್) ನ್ಯಾನೋಕಣಗಳಲ್ಲಿ ಹಂತ ಹಂತವಾಗಿ ಪರೀಕ್ಷಿಸುವ ಬಗೆ

2006ರಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಿಂದ ಒಂದು ಪುಟ್ಟ ಪ್ರಬಂಧ ಹೊರಬಂತು. ಎ. ಸುಂದರೇಶನ್, ಸಿ.ಎನ್.ಆರ್. ರಾವ್ ಮತ್ತು ಅವರ ಸಂಗಡಿಗರು ಬರೆದದ್ದು. ಸೀರಿಯಂ, ಅಲ್ಯೂಮಿನಿಯಂ, ಸತು, ಇಂಡಿಯಂ, ತವರ, ಈ ಐದು ಲೋಹಗಳ ಆಕ್ಸೈಡ್‌ಗಳಿಗೆ ಆಯಸ್ಕಾಂತದ ಗುಣ ಇಲ್ಲ ಅಂತಲೇ ಎಲ್ಲರೂ ಓದಿಕೊಂಡು ಬಂದಿದ್ದರು. ಅವನ್ನೇ 7ರಿಂದ 30 ನ್ಯಾನೋಮೀಟರ್ ಕಣಗಳಾಗಿ ಮಾಡಿದಾಗ ಕೋಣೆಯ ತಾಪಮಾನದಲ್ಲೇ ಫೆರೋಕಾಂತತೆ, ಅಂದರೆ ಕಬ್ಬಿಣದಲ್ಲಿರುವಂಥ ಆಯಸ್ಕಾಂತದ ಗುಣ, ಕಾಣಿಸಿತು. ಅದೇ ಪುಡಿಯನ್ನು ಗಾಳಿಯಲ್ಲೋ ಆಮ್ಲಜನಕದಲ್ಲೋ ಜೋರಾಗಿ ಕಾಯಿಸಿ ಗಟ್ಟಿ ಮಾಡಿದರೆ ಆ ಗುಣ ಹೋಗಿಬಿಡುತ್ತಿತ್ತು. ಕಣಗಳ ಮೇಲ್ಮೈಯಲ್ಲಿ ಆಮ್ಲಜನಕ ಇಲ್ಲದೆ ಖಾಲಿ ಬಿದ್ದ ಜಾಗಗಳೇ, ಅಂದರೆ ವೇಕೆನ್ಸಿಗಳೇ, ಇದಕ್ಕೆ ಕಾರಣ ಇರಬಹುದು ಎಂದು ಅವರು ಸೂಚಿಸಿದರು.

ಆ ಸೂಚನೆ ಇಂದಿಗೂ ಜೀವಂತವಾಗಿದೆ. ಆದರೆ ಅದನ್ನು ಬಳಸುವ ರೀತಿ ಬಹಳ ಸಲ ಸಡಿಲವಾಗಿರುತ್ತದೆ. "ಮಾದರಿಯಲ್ಲಿ ವೇಕೆನ್ಸಿ ಇದೆ, ಕಾಂತತೆಯೂ ಇದೆ, ಹಾಗಾಗಿ ವೇಕೆನ್ಸಿಯಿಂದಲೇ ಕಾಂತತೆ" ಎಂದು ಬರೆದು ಮುಗಿಸುತ್ತಾರೆ. ಎರಡೂ ಒಂದೇ ಪುಡಿಯಲ್ಲಿವೆ ಅಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಬಂತು ಅಂತಾಗುವುದಿಲ್ಲ, ಅಲ್ವಾ? ಆಮ್ಲಜನಕ ತೆಗೆದಾಗ ಕಾಂತತೆ ಏರಬೇಕು. ತುಂಬಿದಾಗ ಇಳಿಯಬೇಕು. ಮತ್ತೆ ತೆಗೆದಾಗ ಮತ್ತೆ ಏರಬೇಕು. ಈ ಏರಿಳಿತಕ್ಕೆ ಬೇರೆ ಯಾವ ಕಾರಣವೂ ಇಲ್ಲವೆಂದೂ ತೋರಿಸಬೇಕು. ಈ ಕೊನೆಯ ಭಾಗವೇ ಕಷ್ಟದ್ದು. ಈ ಮಾರ್ಗದರ್ಶಿಯ ಬಹುಪಾಲು ಅದಕ್ಕೇ ಮೀಸಲು.

ಉದಾಹರಣೆಗೆ ಸೀರಿಯಾವನ್ನು, ಅಂದರೆ ಸೀರಿಯಂ ಡೈಆಕ್ಸೈಡನ್ನು ತೆಗೆದುಕೊಂಡಿದ್ದೇನೆ. ಅದು ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುತ್ತದೆ, ಅಷ್ಟೇ ಸುಲಭವಾಗಿ ವಾಪಸ್ ಪಡೆಯುತ್ತದೆ. ಇಂಥ ಪರೀಕ್ಷೆಗೆ ಇದಕ್ಕಿಂತ ಅನುಕೂಲದ ವಸ್ತು ಸಿಗುವುದು ಕಷ್ಟ. ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುವವರನ್ನೂ ಪಿಎಚ್.ಡಿ. ಶುರು ಮಾಡಿದವರನ್ನೂ ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ಮೊದಲು: ಖಾಲಿ ಜಾಗದಲ್ಲಿ ಏನಾಗುತ್ತದೆ

ಸೀರಿಯಾದಲ್ಲಿ ಪ್ರತಿ ಸೀರಿಯಂ 4+ ಸ್ಥಿತಿಯಲ್ಲಿರುತ್ತದೆ. ಅದರ 4ಎಫ್ ಕಕ್ಷೆ ಖಾಲಿ. ಜೊತೆಯಿಲ್ಲದ ಎಲೆಕ್ಟ್ರಾನ್ ಇಲ್ಲ, ಹಾಗಾಗಿ ಕಾಂತೀಯ ಮೊಮೆಂಟೂ, ಅಂದರೆ ಪುಟ್ಟ ಆಯಸ್ಕಾಂತದಂಥ ಗುಣವೂ, ಇಲ್ಲ. ಒಂದು ಆಮ್ಲಜನಕ ಪರಮಾಣು ಜಾಲರಿ ಬಿಟ್ಟು ಹೋದಾಗ ಎರಡು ಎಲೆಕ್ಟ್ರಾನ್ ಹಿಂದೆ ಉಳಿಯುತ್ತವೆ. ಸಾಮಾನ್ಯವಾಗಿ ಅವು ಹತ್ತಿರದ ಎರಡು ಸೀರಿಯಂಗಳ ಮೇಲೆ ಹೋಗಿ ಕೂರುತ್ತವೆ. ಆ ಎರಡೂ 3+ ಆಗುತ್ತವೆ. ಒಂದೊಂದರಲ್ಲೂ ಒಂದು 4ಎಫ್ ಎಲೆಕ್ಟ್ರಾನ್. ಬಿಡಿ ಅಯಾನಿಗೆ ಲೆಕ್ಕ ಹಾಕಿದರೆ ಮೊಮೆಂಟ್ 2.54 ಬೋರ್ ಮ್ಯಾಗ್ನೆಟಾನ್ (ಪರಮಾಣುಗಳ ಮೊಮೆಂಟ್ ಅಳೆಯುವ ಮಾನ).

ಇಲ್ಲಿಗೆ ಬಂದದ್ದು ಬರೀ ಮೊಮೆಂಟ್. ಅವು ಒಂದರ ಮಾತು ಒಂದು ಕೇಳದೆ ದಿಕ್ಕಾಪಾಲಾಗಿದ್ದರೆ ಸಿಗುವುದು ಪ್ಯಾರಾಕಾಂತತೆ ಮಾತ್ರ. ಕೋಣೆಯ ತಾಪಮಾನದಲ್ಲಿ ಅವನ್ನು ಒಂದೇ ದಿಕ್ಕಿಗೆ ತಿರುಗಿಸಿ ನಿಲ್ಲಿಸುವ ಬಲ ಯಾವುದು ಎನ್ನುವುದೇ ನಿಜವಾದ ಪ್ರಶ್ನೆ. ಖಾಲಿ ಜಾಗದಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನ್ ಎರಡು ಪಕ್ಕದ 3+ ಅಯಾನಿಗಳನ್ನು ಬೆಸೆಯುತ್ತದೆ ಎಂಬುದು ಒಂದು ಉತ್ತರ. ವೇಕೆನ್ಸಿಗಳು ಜಾಸ್ತಿಯಾಗಿ ಒಂದು ಅಶುದ್ಧಿ ಪಟ್ಟಿ, ಅಂದರೆ ಇಂಪ್ಯೂರಿಟಿ ಬ್ಯಾಂಡ್, ರೂಪುಗೊಳ್ಳುತ್ತದೆ, ಅದರ ಎಲೆಕ್ಟ್ರಾನ್‌ಗಳು ವಿನಿಮಯವನ್ನು, ಅಂದರೆ ಮೊಮೆಂಟ್‌ಗಳನ್ನು ಒಂದೇ ದಿಕ್ಕಿಗೆ ನಿಲ್ಲಿಸುವ ಬೆಸುಗೆಯನ್ನು, ಹೊತ್ತೊಯ್ಯುತ್ತವೆ ಎಂಬುದು ಇನ್ನೊಂದು. ಇದನ್ನು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಮೈಕೆಲ್ ಕೋಯಿ ಮತ್ತು ಸಂಗಡಿಗರು 2005ರಲ್ಲಿ ಮಂಡಿಸಿದರು. ಮೂರನೆಯದು ಇನ್ನೂ ವಿಚಿತ್ರವಾಗಿದೆ, ಅದನ್ನು ಮುಂದೆ ನೋಡೋಣ.

ಗಮನಿಸಿ, ಎಲ್ಲ ಆಕ್ಸೈಡ್‌ಗೂ ಇದೇ ಕತೆ ಅಲ್ಲ. ಮ್ಯಾಂಗನೈಟ್‌ಗಳೆಂಬ ಮ್ಯಾಂಗನೀಸ್ ಆಕ್ಸೈಡ್‌ಗಳಲ್ಲಿ ಆಮ್ಲಜನಕ ಕಳೆದರೆ 4+ ಮ್ಯಾಂಗನೀಸ್ ಕಡಿಮೆಯಾಗಿ ಫೆರೋಕಾಂತತೆ ಕುಗ್ಗುತ್ತದೆ. ಸತುವಿನ ಆಕ್ಸೈಡಿನಲ್ಲಿ ಆಮ್ಲಜನಕದ ಬದಲು ಸತುವೇ ಕಾಣೆಯಾದ ಜಾಗಗಳನ್ನು ಹಲವರು ಹೊಣೆ ಮಾಡುತ್ತಾರೆ. ಹಾಗಾಗಿ ಈ ಕ್ರಮವನ್ನು ಬೇರೆ ಆಕ್ಸೈಡಿಗೆ ಒಯ್ಯಬಹುದು, ಆದರೆ ತೀರ್ಮಾನವನ್ನು ಒಯ್ಯಬೇಡಿ.

ಹಂತ 1: ಪ್ರಯೋಗಕ್ಕೆ ಮುಂಚೆ ಕಾಗದದ ಮೇಲೆ ಲೆಕ್ಕ

ಇಂಥ ಪುಡಿಗಳಲ್ಲಿ ಕಾಣುವ ಸ್ಯಾಚುರೇಷನ್ ಕಾಂತತೆ, ಅಂದರೆ ಕ್ಷೇತ್ರ ಏರಿಸಿದರೂ ಇನ್ನು ಏರದ ಗರಿಷ್ಠ ಕಾಂತತೆ, ಬಹಳ ಸಣ್ಣದು. ಗ್ರಾಂಗೆ 0.001 ಇಎಂಯು (ಕಾಂತೀಯ ಮೊಮೆಂಟಿನ ಸಿಜಿಎಸ್ ಮಾನ) ಎಂದು ಇಟ್ಟುಕೊಳ್ಳಿ. ಈಗ ಮೂರು ಲೆಕ್ಕ ಮಾಡೋಣ.

ಮೊದಲನೆಯದು ಕಬ್ಬಿಣದ್ದು. ಶುದ್ಧ ಕಬ್ಬಿಣದ ಕಾಂತತೆ ಗ್ರಾಂಗೆ ಸುಮಾರು 218 ಇಎಂಯು. ಅಂದರೆ ನಿಮ್ಮ ಪೂರ್ತಿ ಸಿಗ್ನಲ್ ಕೊಡಲು ಒಂದು ಗ್ರಾಂ ಪುಡಿಯಲ್ಲಿ 5 ಮೈಕ್ರೋಗ್ರಾಂಗಿಂತ ಕಡಿಮೆ ಕಬ್ಬಿಣ ಸಾಕು, ಅಂದರೆ 5 ಪಿಪಿಎಂ (ಹತ್ತು ಲಕ್ಷದಲ್ಲಿ ಐದು ಪಾಲು). ಕಬ್ಬಿಣದ ಕಾಂತೀಯ ಆಕ್ಸೈಡಾದ ಮ್ಯಾಗ್ನೆಟೈಟ್ ಆದರೆ ಸುಮಾರು 11 ಪಿಪಿಎಂ. ನೀವು ಅಳೆಯುವುದು 50 ಮಿಲಿಗ್ರಾಂ ಅಂದುಕೊಳ್ಳಿ. ಅದಕ್ಕೆ ಬೇಕಾದ ಕಬ್ಬಿಣ ಕಾಲು ಮೈಕ್ರೋಗ್ರಾಂ ಕೂಡ ಇಲ್ಲ. ಅದನ್ನು ಒಂದೇ ಗುಂಡಾಗಿ ಮಾಡಿದರೆ ಅಡ್ಡಳತೆ 40 ಮೈಕ್ರೋಮೀಟರ್ ಒಳಗೆ, ತಲೆಗೂದಲಿಗಿಂತ ತೆಳು. ಚಿಮಟ ಒಮ್ಮೆ ತಾಗಿದರೆ ಅಷ್ಟು ಕಬ್ಬಿಣ ಬಂದುಬಿಡುತ್ತದೆ.

ಎರಡನೆಯದು ಪ್ಯಾರಾಕಾಂತತೆಯದು. ಹತ್ತರಲ್ಲಿ ಒಂದು ಸೀರಿಯಂ 3+ ಆಗಿದ್ದರೆ, 300 ಕೆಲ್ವಿನ್‌ನಲ್ಲಿ 1 ಟೆಸ್ಲಾ ಕ್ಷೇತ್ರದಲ್ಲಿ ಅವುಗಳ ಪ್ಯಾರಾಕಾಂತತೆಯೇ ಗ್ರಾಂಗೆ ಸುಮಾರು 0.016 ಇಎಂಯು. ನೀವು ಹುಡುಕುತ್ತಿರುವ ಫೆರೋಕಾಂತತೆಗಿಂತ ಹದಿನೈದು ಪಟ್ಟು ದೊಡ್ಡದು. ಇದನ್ನು ಸರಿಯಾಗಿ ಕಳೆಯದಿದ್ದರೆ ಉಳಿಯುವ ಸಂಖ್ಯೆಗೆ ಅರ್ಥವಿಲ್ಲ.

ಮೂರನೆಯದು ವೇಕೆನ್ಸಿಯದು. ಗ್ರಾಂಗೆ 0.001 ಇಎಂಯು ಅಂದರೆ ಪ್ರತಿ ಸೀರಿಯಂಗೆ ಒಂದು ಬೋರ್ ಮ್ಯಾಗ್ನೆಟಾನಿನ ಲಕ್ಷದಲ್ಲಿ ಮೂರು ಪಾಲು. ಮಾದರಿಯಲ್ಲಿರುವ 3+ ಅಯಾನಿಗಳಲ್ಲಿ ತೀರಾ ಕೆಲವೇ ಕೆಲವು ಸಾಲಾಗಿ ನಿಂತರೂ ಸಾಕು. ಹಾಗಾಗಿ "ವೇಕೆನ್ಸಿ ಇಷ್ಟಿದೆ, ಆದರೆ ಕಾಂತತೆ ಇಷ್ಟೇ ಯಾಕೆ" ಎಂದು ಬೆರಗಾಗಬೇಕಿಲ್ಲ. ಬಹುಪಾಲು ಮೊಮೆಂಟ್‌ಗಳು ಸುಮ್ನೆ ಪ್ಯಾರಾಕಾಂತೀಯವಾಗಿಯೇ ಇರುತ್ತವೆ.

ಈ ಮೂರು ಸಂಖ್ಯೆಗಳನ್ನು ಲ್ಯಾಬ್ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಮುಂದಿನ ಪ್ರತಿ ನಿರ್ಧಾರವೂ ಇವುಗಳ ಮೇಲೆ ನಿಂತಿದೆ.

ಹಂತ 2: ಕಬ್ಬಿಣವನ್ನು ಬಾಗಿಲಲ್ಲೇ ತಡೆಯುವುದು

ಈ ಹಂತವನ್ನು ಹಗುರವಾಗಿ ತೆಗೆದುಕೊಳ್ಳುವವರಿಗೆ ಹಾಫ್ನಿಯಂ ಆಕ್ಸೈಡಿನ ಕತೆ ಹೇಳಬೇಕು. 2004ರಲ್ಲಿ ಡಬ್ಲಿನ್ ತಂಡ ಹಾಫ್ನಿಯಂ ಡೈಆಕ್ಸೈಡಿನ ತೆಳು ಪದರಗಳಲ್ಲಿ ಅನಿರೀಕ್ಷಿತ ಕಾಂತತೆ ಕಂಡಿತು ಎಂದು ವರದಿ ಮಾಡಿತು. ಮರುವರ್ಷ ಅಮೆರಿಕದ ಐಬಿಎಂ ಸಂಶೋಧಕರು ಅದೇ ವಸ್ತುವನ್ನು ಬಹಳ ಎಚ್ಚರದಿಂದ ಅಳೆದರು. ಶುದ್ಧ ಪದರಗಳಲ್ಲಿ ಏನೂ ಸಿಗಲಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಚಿಮಟದಿಂದ ಹಿಡಿದ ಮಾದರಿಗಳಲ್ಲಿ ಮಾತ್ರ ಸಿಗ್ನಲ್ ಬಂತು. ವಿಷಯದ ದೊಡ್ಡ ತಜ್ಞರ ನಡುವೆಯೇ ಇಂಥ ಭಿನ್ನ ಫಲಿತಾಂಶ ಬಂದಿರುವಾಗ ನಮ್ಮ ಎಚ್ಚರ ಒಂದು ತೂಕ ಜಾಸ್ತಿಯೇ ಇರಬೇಕು.

ಮಾಡಬೇಕಾದದ್ದು ಇಷ್ಟು. ಲೋಹದ ಚಿಮಟ, ಲೋಹದ ಸ್ಪ್ಯಾಚುಲಾ, ಬ್ಲೇಡ್ ಎಲ್ಲ ಮೇಜಿನಿಂದ ಎತ್ತಿಡಿ. ಪ್ಲಾಸ್ಟಿಕ್, ಟೆಫ್ಲಾನ್ ಅಥವಾ ಸಿರಾಮಿಕ್ ಉಪಕರಣ ಇಟ್ಟುಕೊಳ್ಳಿ. ಗಾಜಿನ ಪಾತ್ರೆಗಳನ್ನು ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ, ಡಿಅಯನೈಸ್ಡ್ ನೀರಿನಲ್ಲಿ ತೊಳೆಯಿರಿ. ಅರೆಯಲೇಬೇಕಾದರೆ ಅಗೇಟ್ ಒರಳು ಬಳಸಿ. ಸ್ಟೀಲ್ ಗುಂಡುಗಳ ಬಾಲ್ ಮಿಲ್ ಹತ್ತಿರವೂ ಹೋಗಬೇಡಿ.

ಮ್ಯಾಗ್ನೆಟಿಕ್ ಸ್ಟರರ್‌ನ ಕಡ್ಡಿಯ ಬಗ್ಗೆ ಯಾರೂ ಅಷ್ಟಾಗಿ ಯೋಚಿಸುವುದಿಲ್ಲ. ಅದು ಆಯಸ್ಕಾಂತ. ಹಿಂದೆ ಕಲಕಿದ ಪ್ರತಿ ದ್ರಾವಣದಿಂದಲೂ ಕಬ್ಬಿಣದ ಕಣಗಳನ್ನು ತನ್ನ ಮೈಗೆ ಹಚ್ಚಿಕೊಂಡು ಕೂತಿರುತ್ತದೆ. ಅದರ ಬದಲು ಮೇಲಿನಿಂದ ತಿರುಗುವ ಟೆಫ್ಲಾನ್ ಹುಟ್ಟು ಬಳಸಿ. ಅದಿಲ್ಲದಿದ್ದರೆ ಅಲ್ಟ್ರಾಸಾನಿಕ್ ಬಾತ್.

ರಾಸಾಯನಿಕ ಕೊಳ್ಳುವಾಗ ಬಾಟಲಿ ಮೇಲಿನ "99.99%" ನೋಡಿ ಸಮಾಧಾನಪಡಬೇಡಿ. ಸೀರಿಯಂನಂಥ ವಿರಳ ಭಸ್ಮ (ರೇರ್ ಅರ್ತ್) ಲೋಹಗಳ ಲವಣಗಳಲ್ಲಿ ಈ ಸಂಖ್ಯೆಯನ್ನು ಬಹಳ ಸಲ ಉಳಿದ ವಿರಳ ಭಸ್ಮ ಲೋಹಗಳಿಗೆ ಹೋಲಿಸಿ ಮಾತ್ರ ಕೊಟ್ಟಿರುತ್ತಾರೆ. ಕಬ್ಬಿಣ, ನಿಕ್ಕಲ್ ಆ ಲೆಕ್ಕದಲ್ಲೇ ಇರುವುದಿಲ್ಲ. ಆ ಲಾಟಿನ ಅನಾಲಿಸಿಸ್ ಪತ್ರ ತರಿಸಿಕೊಂಡು ಕಬ್ಬಿಣ, ಕೋಬಾಲ್ಟ್, ನಿಕ್ಕಲ್‌ಗಳ ಪಿಪಿಎಂ ಬೇರೆ ಬೇರೆಯಾಗಿ ನೋಡಿ. ಪ್ರಸಿಯೋಡೈಮಿಯಂ, ಗ್ಯಾಡೋಲಿನಿಯಂ ಎಷ್ಟಿವೆ ಅಂತಲೂ ನೋಡಿ. ಅವು ಪ್ಯಾರಾಕಾಂತೀಯ ಪಾಲನ್ನು ಹೆಚ್ಚಿಸುತ್ತವೆ.

ಹಂತ 3: ಪುಡಿ ತಯಾರಿಸುವುದು

ಅಮೋನಿಯಾದಿಂದ ಒತ್ತರಿಸುವ (ಪ್ರೆಸಿಪಿಟೇಟ್ ಮಾಡುವ) ಹಳೆಯ ವಿಧಾನವೇ ಸಾಕು. ಸೀರಿಯಂ ನೈಟ್ರೇಟ್ ಹೆಕ್ಸಾಹೈಡ್ರೇಟ್ 4.34 ಗ್ರಾಂ, ಅಂದರೆ 0.01 ಮೋಲ್, 100 ಮಿಲಿಲೀಟರ್ ಡಿಅಯನೈಸ್ಡ್ ನೀರಿನಲ್ಲಿ ಕರಗಿಸಿ. ಕಲಕುತ್ತಾ ಅಮೋನಿಯಾ ದ್ರಾವಣವನ್ನು ಹನಿ ಹನಿಯಾಗಿ ಹಾಕಿ, ಪಿಎಚ್ 9ರಿಂದ 10ಕ್ಕೆ ತನ್ನಿ. ಒತ್ತರ ಗಾಳಿಯಲ್ಲಿ ಆಕ್ಸಿಡೈಸ್ ಆಗುತ್ತಾ ಕೊನೆಗೆ ತಿಳಿ ಹಳದಿಗೆ ಬರುತ್ತದೆ. ಕೆಲವು ಗಂಟೆ ಕಲಕಲು ಬಿಡಿ. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಸೆಂಟ್ರಿಫ್ಯೂಜ್ ಮಾಡಿ, ತೊಳೆದ ನೀರಿನ ಪಿಎಚ್ ಏಳರ ಹತ್ತಿರ ಬರುವವರೆಗೆ ತೊಳೆಯಿರಿ. 80 ಡಿಗ್ರಿಯಲ್ಲಿ ಒಣಗಿಸಿ. ಒಂದು ಪೈಸೆ ಪುಡಿಯೂ ಪೋಲಾಗದಿದ್ದರೆ 1.72 ಗ್ರಾಂ ಸೀರಿಯಾ ಸಿಗಬೇಕು.

ಮುಂದೆ ಬರುವ ಅನಿಲ ಚಕ್ರಗಳನ್ನೆಲ್ಲ ನಾವು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾಡುತ್ತೇವೆ. ಹಾಗಾಗಿ ಈಗಲೇ ಪುಡಿಯನ್ನು ಅಲ್ಯೂಮಿನಾ ದೋಣಿಯಲ್ಲಿ 500 ಡಿಗ್ರಿಯಲ್ಲಿ ನಾಲ್ಕಾರು ಗಂಟೆ ಕಾಯಿಸಿಬಿಡಿ. ಕಣಗಳು ಬೆಳೆಯುವಷ್ಟು ಇಲ್ಲೇ ಬೆಳೆಯಲಿ. ಮುಂದೆ ಕಡಿಮೆ ತಾಪಮಾನದಲ್ಲಿ ಕೆಲಸ ಮಾಡುವಾಗ ಗಾತ್ರ ಬದಲಾಗಬಾರದು. ಇದು ಬಹಳ ಮುಖ್ಯ. 1000 ಡಿಗ್ರಿಗೆ ಕಾಯಿಸಿ "ವೇಕೆನ್ಸಿ ತುಂಬಿತು, ಕಾಂತತೆ ಹೋಯಿತು" ಎಂದರೆ ಯಾರೂ ಒಪ್ಪಬೇಕಾಗಿಲ್ಲ. ಏಕೆಂದರೆ ಮೇಲ್ಮೈಯೂ ಹೋಗಿರುತ್ತದೆ. 5 ನ್ಯಾನೋಮೀಟರ್ ಕಣದ ಹೊರಗಿನ 0.3 ನ್ಯಾನೋಮೀಟರ್ ಸಿಪ್ಪೆಯಲ್ಲಿ ಅದರ ಮೂರನೇ ಒಂದು ಪಾಲು ವಸ್ತು ಇರುತ್ತದೆ. 30 ನ್ಯಾನೋಮೀಟರ್ ಕಣದಲ್ಲಿ ಅದೇ ಸಿಪ್ಪೆಯ ಪಾಲು ಶೇ 6ಕ್ಕೆ ಇಳಿಯುತ್ತದೆ. ಎರಡು ವಿಷಯ ಒಟ್ಟಿಗೆ ಬದಲಾದರೆ ಯಾವುದು ಕಾರಣ ಅಂತ ಹೇಗೆ ಹೇಳುವುದು?

ನ್ಯಾನೋ ಪುಡಿ ಉಸಿರಿನಲ್ಲಿ ಹೋಗದಂತೆ ಮಾಸ್ಕ್ ಹಾಕಿ, ಫ್ಯೂಮ್ ಹುಡ್ ಒಳಗೇ ಕೆಲಸ ಮಾಡಿ.

ಎಕ್ಸ್-ಕಿರಣ ವಿವರ್ತನೆ, ಅಂದರೆ ಎಕ್ಸ್‌ಆರ್‌ಡಿ ತೆಗೆದು ಗಾತ್ರ ನೋಡಿ. ತಾಮ್ರದ ಕಿರಣದಲ್ಲಿ ಸೀರಿಯಾದ ಮೊದಲ ದೊಡ್ಡ ಶಿಖರ 28.5 ಡಿಗ್ರಿಯ ಹತ್ತಿರ. ಶೆರರ್ ಸೂತ್ರದಲ್ಲಿ ಅದರ ಅರ್ಧ ಎತ್ತರದ ಅಗಲ 1.4 ಡಿಗ್ರಿಯ ಹತ್ತಿರ ಇದ್ದರೆ ಕಣ ಸುಮಾರು 6 ನ್ಯಾನೋಮೀಟರ್. ಯಂತ್ರದಿಂದಲೇ ಬರುವ ಅಗಲವನ್ನು ಕಳೆಯುವುದು ಮರೆಯಬೇಡಿ. ಜಾಲರಿಯ ಅಳತೆಯನ್ನೂ ಬರೆದಿಟ್ಟುಕೊಳ್ಳಿ. ದೊಡ್ಡ ಹರಳಿನಲ್ಲಿ ಅದು 5.411 ಆಂಗ್‌ಸ್ಟ್ರಾಂ. 3+ ಸೀರಿಯಂ ಗಾತ್ರದಲ್ಲಿ ದೊಡ್ಡದು, ಹಾಗಾಗಿ ವೇಕೆನ್ಸಿ ಜಾಸ್ತಿಯಾದಂತೆ ಜಾಲರಿ ಸ್ವಲ್ಪ ಹಿಗ್ಗುತ್ತದೆ.

ಹಂತ 4: ಮೂರು ಹೋಲಿಕೆ ಮಾದರಿಗಳು

ಬರೀ ನ್ಯಾನೋ ಪುಡಿ ಇಟ್ಟುಕೊಂಡು ಮುಂದೆ ಹೋಗಬೇಡಿ. ಅದರ ಜೊತೆಗೆ ಮೂರು ಮಾದರಿಗಳು ಪ್ರತಿ ಹಂತದಲ್ಲೂ ನಡೆಯಬೇಕು.

ಒಂದು, ಖಾಲಿ ಕ್ವಾರ್ಟ್ಜ್ ಟ್ಯೂಬ್. ಎರಡು, ಅದೇ ಶುದ್ಧತೆಯ ಮೈಕ್ರಾನ್ ಗಾತ್ರದ ಸೀರಿಯಾ. ಇದನ್ನೂ ಅದೇ ನೀರಿನಲ್ಲಿ ತೊಳೆದು, ಅದೇ ದೋಣಿಯಲ್ಲಿ ಕಾಯಿಸಿ, ಅದೇ ಚಮಚದಿಂದ ತುಂಬಬೇಕು. ನಿಮ್ಮ ಕೈಚಳಕದಿಂದ ಎಷ್ಟು ಕಬ್ಬಿಣ ಸೇರುತ್ತಿದೆ ಎಂಬುದನ್ನು ಇದು ಹೇಳುತ್ತದೆ.

ಮೂರನೆಯದನ್ನು ಹೆಚ್ಚಿನವರು ಮಾಡುವುದಿಲ್ಲ, ಆದರೆ ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ನಿಮ್ಮ ನ್ಯಾನೋ ಪುಡಿಯ ಒಂದು ಪಾಲಿಗೆ ಬೇಕೆಂದೇ 20 ಪಿಪಿಎಂ ಕಬ್ಬಿಣವನ್ನು ನೈಟ್ರೇಟ್ ರೂಪದಲ್ಲಿ ಸೇರಿಸಿ, ಒಣಗಿಸಿ, 500 ಡಿಗ್ರಿಯಲ್ಲಿ ಕಾಯಿಸಿ. ಯಾಕೆ? ಹೈಡ್ರೋಜನ್ನಿನಲ್ಲಿ ಕಾಯಿಸಿದಾಗ ಸೀರಿಯಾ ಮಾತ್ರ ಆಮ್ಲಜನಕ ಕಳೆದುಕೊಳ್ಳುವುದಿಲ್ಲ. ಮಾದರಿಯಲ್ಲಿ ಅಡಗಿರುವ ಕಬ್ಬಿಣದ ಆಕ್ಸೈಡೂ ಕಳೆದುಕೊಳ್ಳುತ್ತದೆ. ಕಾಂತತೆ ಕಡಿಮೆ ಇರುವ ಕಬ್ಬಿಣದ ಆಕ್ಸೈಡ್ ಹೆಮಟೈಟ್, ಜೋರು ಕಾಂತತೆಯ ಮ್ಯಾಗ್ನೆಟೈಟ್ ಆಗುತ್ತದೆ. ಇನ್ನೂ ಮುಂದೆ ಹೋದರೆ ಕಬ್ಬಿಣವೇ ಆಗುತ್ತದೆ. ಆಮ್ಲಜನಕದಲ್ಲಿ ಕಾಯಿಸಿದರೆ ಹಿಂದಕ್ಕೆ ಬರುತ್ತದೆ. ಅಂದರೆ ಕಬ್ಬಿಣದ ಅಶುದ್ಧಿ ಥೇಟ್ ವೇಕೆನ್ಸಿಯ ಹಾಗೆಯೇ ನಡೆದುಕೊಳ್ಳುತ್ತದೆ. ಏರುವುದೂ ಹಾಗೇ, ಇಳಿಯುವುದೂ ಹಾಗೇ. ಕಬ್ಬಿಣ ಬೆರೆಸಿದ ಈ ಮಾದರಿ ಎಷ್ಟು ಏರುತ್ತದೆ, ಯಾವ ತಾಪಮಾನದಲ್ಲಿ ಏರುತ್ತದೆ ಎಂಬುದು ಗೊತ್ತಿದ್ದರೆ ಮಾತ್ರ ನಿಮ್ಮ ಅಸಲಿ ಮಾದರಿಯ ಏರಿಕೆಯನ್ನು ನಂಬಬಹುದು.

ಎಲ್ಲ ಮಾದರಿಗಳ ಒಂದೊಂದು ಚಿಟಿಕೆಯನ್ನು ಐಸಿಪಿ-ಎಂಎಸ್ ಪರೀಕ್ಷೆಗೆ (ಪಿಪಿಎಂಗಿಂತ ಕಡಿಮೆ ಇರುವ ಧಾತುಗಳನ್ನೂ ಅಳೆಯುವ ವಿಧಾನ) ಕಳಿಸಿ. ಎಕ್ಸ್‌ಆರ್‌ಡಿಯಲ್ಲಿ ಕಬ್ಬಿಣದ ಶಿಖರ ಕಾಣಲಿಲ್ಲ ಎನ್ನುವುದು ಸಾಕ್ಷಿಯೇ ಅಲ್ಲ. ನೂರರಲ್ಲಿ ಒಂದೆರಡು ಪಾಲು ಇದ್ದರೂ ಅದರ ಕಣ್ಣಿಗೆ ಬೀಳದೆ ಹೋಗಬಹುದು. ನಾವು ಮಾತಾಡುತ್ತಿರುವುದು ಹತ್ತು ಲಕ್ಷದಲ್ಲಿ ಐದರ ಲೆಕ್ಕ.

ಹಂತ 5: ಆಮ್ಲಜನಕ ತೆಗೆಯುವುದು, ತುಂಬುವುದು

ಟ್ಯೂಬ್ ಫರ್ನೇಸ್, ಕ್ವಾರ್ಟ್ಜ್ ಕೊಳವೆ, ಆರ್ಗಾನ್‌ನಲ್ಲಿ ಶೇ 5 ಹೈಡ್ರೋಜನ್, ಮತ್ತು ಶುದ್ಧ ಆಮ್ಲಜನಕ ಬೇಕು. ಕ್ರಮ ಹೀಗಿರಲಿ: ಆಮ್ಲಜನಕ, ಹೈಡ್ರೋಜನ್, ಮತ್ತೆ ಆಮ್ಲಜನಕ, ಮತ್ತೆ ಹೈಡ್ರೋಜನ್. ಎಲ್ಲವೂ 450 ಡಿಗ್ರಿ, ಎಲ್ಲವೂ ಒಂದೇ ಅವಧಿ. ಪ್ರತಿ ಚಕ್ರದ ಕೊನೆಯಲ್ಲಿ ಒಂದು ಪಾಲು ತೆಗೆದಿಡಿ. ಇದರ ಜೊತೆ ಒಂದು ಮಾದರಿಯನ್ನು ಬರೀ ಆರ್ಗಾನ್‌ನಲ್ಲಿ ಅಷ್ಟೇ ಹೊತ್ತು ಕಾಯಿಸಿ. ಬಿಸಿಯಿಂದ ಮಾತ್ರ ಆಗುವ ಬದಲಾವಣೆ ಎಷ್ಟು ಎಂದು ಗೊತ್ತಾಗುತ್ತದೆ.

ಸೀರಿಯಾದ ಮೇಲ್ಮೈ ಸುಮಾರು 500 ಡಿಗ್ರಿಯ ಸುತ್ತಮುತ್ತ ಹೈಡ್ರೋಜನ್‌ಗೆ ಆಮ್ಲಜನಕ ಬಿಟ್ಟುಕೊಡುತ್ತದೆ. ಒಳಭಾಗ ಬಿಡಲು 800 ಡಿಗ್ರಿ ಹತ್ತಿರ ಬೇಕು. ನಮಗೆ ಬೇಕಿರುವುದು ಮೇಲ್ಮೈ. ಹಾಗಾಗಿ 450ರಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಇಡುವುದು ಒಳ್ಳೆಯದು.

ಸುರಕ್ಷತೆಯ ವಿಷಯ ಸ್ಪಷ್ಟವಾಗಿ ಹೇಳುತ್ತೇನೆ. ಹೈಡ್ರೋಜನ್ ಬಿಡುವ ಮುಂಚೆ ಕೊಳವೆಯಲ್ಲಿರುವ ಗಾಳಿ ಅಥವಾ ಆಮ್ಲಜನಕವನ್ನು ಆರ್ಗಾನ್ ಹಾಯಿಸಿ ಪೂರ್ತಿ ಹೊರಹಾಕಿ. ಹೊರಬರುವ ಅನಿಲ ಫ್ಯೂಮ್ ಹುಡ್ ಮೂಲಕವೇ ಹೊರಗೆ ಹೋಗಲಿ. ಹೈಡ್ರೋಜನ್‌ನಿಂದ ಆಮ್ಲಜನಕಕ್ಕೆ ಬದಲಿಸುವಾಗಲೂ ನಡುವೆ ಆರ್ಗಾನ್ ಕಡ್ಡಾಯ. ಕೋಣೆಯ ತಾಪಮಾನಕ್ಕೆ ಇಳಿಯುವವರೆಗೆ ಕೊಳವೆ ತೆರೆಯಬೇಡಿ.

ಆಮ್ಲಜನಕ ಕಳೆದುಕೊಂಡ ಪುಡಿ ಹಳದಿ ಬಿಟ್ಟು ನೀಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಗಾಳಿಗೆ ತೆರೆದರೆ ಮತ್ತೆ ಹಳದಿಯ ಕಡೆಗೆ ಹೊರಳುತ್ತದೆ. ಇಷ್ಟು ಸಣ್ಣ ಕಣಗಳು ಕೋಣೆಯ ತಾಪಮಾನದಲ್ಲೇ ಆಮ್ಲಜನಕ ಎಳೆದುಕೊಳ್ಳುತ್ತವೆ. ಹಾಗಾಗಿ ಗ್ಲವ್ ಬಾಕ್ಸ್ ಒಳಗೆ ಕ್ವಾರ್ಟ್ಜ್ ಟ್ಯೂಬಿಗೆ ತುಂಬಿ ಮುಚ್ಚಿ. ಅದೇ ಟ್ಯೂಬ್ ಮುಂದೆ ಇಪಿಆರ್‌ಗೂ (ಜೊತೆಯಿಲ್ಲದ ಎಲೆಕ್ಟ್ರಾನ್‌ಗಳನ್ನು ಗುರುತಿಸುವ ಅಳತೆ) ಮ್ಯಾಗ್ನೆಟೋಮೀಟರ್‌ಗೂ ಹೋಗಲಿ. ಒಂದು ದಿನ ಗಾಳಿಯಲ್ಲಿಟ್ಟ ಪುಡಿಯ ವೇಕೆನ್ಸಿ ಅಳೆದು, ಮುಚ್ಚಿಟ್ಟ ಪುಡಿಯ ಕಾಂತತೆಯ ಜೊತೆ ಹೋಲಿಸಿದರೆ ಎರಡು ಬೇರೆ ವಸ್ತುಗಳನ್ನು ಹೋಲಿಸಿದಂತಾಗುತ್ತದೆ.

ಹಂತ 6: ವೇಕೆನ್ಸಿ ಎಣಿಸುವುದು

ಒಂದೇ ವಿಧಾನವನ್ನು ನಂಬಬೇಡಿ. ಪ್ರತಿಯೊಂದಕ್ಕೂ ಅದರದೇ ಕೊರತೆ ಇದೆ.

ರಾಮನ್, ಅಂದರೆ ಲೇಸರ್ ಬೆಳಕು ಚದುರುವ ಬಗೆಯಿಂದ ಜಾಲರಿಯ ಕಂಪನ ಓದುವ ವಿಧಾನ, ಎಲ್ಲಕ್ಕಿಂತ ಸುಲಭ. ಸೀರಿಯಾದ ಮುಖ್ಯ ಗೆರೆ 464 ಪ್ರತಿ ಸೆಂಟಿಮೀಟರ್‌ನಲ್ಲಿ, ದೋಷಗಳ ಅಗಲ ಗುಡ್ಡ 600ರ ಸುತ್ತ. ಎರಡರ ಅನುಪಾತ ವೇಕೆನ್ಸಿಯ ಜೊತೆ ಏರುತ್ತದೆ. ಆದರೆ ಲೇಸರಿನ ಬಣ್ಣ ಬದಲಾದರೆ ಅನುಪಾತವೂ ಬದಲಾಗುತ್ತದೆ. ಆದ್ದರಿಂದ ಒಂದೇ ಲೇಸರ್, ಕಡಿಮೆ ಪವರ್. ಇದರಿಂದ ಸಿಗುವುದು ಹೋಲಿಕೆ, ನೇರ ಸಂಖ್ಯೆ ಅಲ್ಲ.

ಎಕ್ಸ್‌ಪಿಎಸ್, ಅಂದರೆ ಎಕ್ಸ್-ಕಿರಣ ಬಿಟ್ಟು ಹೊರಬರುವ ಎಲೆಕ್ಟ್ರಾನ್‌ಗಳ ಶಕ್ತಿ ಅಳೆಯುವ ವಿಧಾನ, ಸಂಖ್ಯೆ ಕೊಡುತ್ತದೆ, ಆದರೆ ಅದನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಬಾರದು. 917 ಎಲೆಕ್ಟ್ರಾನ್ ವೋಲ್ಟ್ ಹತ್ತಿರದ ಶಿಖರ 4+ ಸೀರಿಯಂಗೆ ಮಾತ್ರ ಸೇರಿದ್ದು. ಉಳಿದವು ಒಂದರ ಮೇಲೊಂದು ಬೀಳುತ್ತವೆ, ಬಿಡಿಸಲು ತಾಳ್ಮೆ ಬೇಕು. ದೊಡ್ಡ ತೊಂದರೆ ಬೇರೆಯೇ ಇದೆ. ನಿರ್ವಾತ ಮತ್ತು ಎಕ್ಸ್-ಕಿರಣ ಸೇರಿ ಅಳೆಯುತ್ತಿರುವಾಗಲೇ ಸೀರಿಯಾದಿಂದ ಆಮ್ಲಜನಕ ಕಿತ್ತುಹಾಕುತ್ತವೆ. ಸೀರಿಯಂ ಭಾಗವನ್ನು ಮೊದಲೇ ಅಳೆಯಿರಿ, ಕೊನೆಯಲ್ಲಿ ಇನ್ನೊಮ್ಮೆ ಅಳೆಯಿರಿ. ಎರಡರಲ್ಲಿ ವ್ಯತ್ಯಾಸ ಕಂಡರೆ ಕಿರಣವೇ ವೇಕೆನ್ಸಿ ಮಾಡುತ್ತಿದೆ ಎಂದರ್ಥ. ಆಮ್ಲಜನಕದ ಶಿಖರದಲ್ಲಿ 531ರ ಸುತ್ತ ಕಾಣುವ ಭುಜವನ್ನು ನೇರವಾಗಿ "ವೇಕೆನ್ಸಿ" ಎಂದು ಹೆಸರಿಸುವ ರೂಢಿ ಬಿಡಬೇಕು. ಅಲ್ಲಿ ಇಲ್ಲದ ಪರಮಾಣು ಎಲೆಕ್ಟ್ರಾನ್ ಹೊರಸೂಸಲಾರದು. ಅದರಲ್ಲಿ ಹೈಡ್ರಾಕ್ಸಿಲ್, ಕಾರ್ಬೊನೇಟ್‌ಗಳ ಪಾಲು ದೊಡ್ಡದು.

ತೂಕದ ವಿಧಾನವೂ ಇದೆ. ಪ್ರತಿ ಸೀರಿಯಂಗೆ 0.05 ಆಮ್ಲಜನಕ ಕಡಿಮೆ ಇದ್ದರೆ, ಅದನ್ನು ತುಂಬುವಾಗ ತೂಕ ಶೇ 0.47ರಷ್ಟು ಏರಬೇಕು. ನ್ಯಾನೋ ಪುಡಿಯ ಮೈಮೇಲಿನ ನೀರು ಅದಕ್ಕಿಂತ ಜಾಸ್ತಿ ತೂಗುತ್ತದೆ. ಟಿಜಿಎ ಯಂತ್ರದ (ಕಾಯಿಸುತ್ತಲೇ ತೂಕ ಅಳೆಯುವ ಯಂತ್ರ) ಒಳಗೇ ಒಣಗಿಸಿ, ಒಳಗೇ ಹೈಡ್ರೋಜನ್ ಕೊಟ್ಟು, ಒಳಗೇ ಆಮ್ಲಜನಕಕ್ಕೆ ಬದಲಿಸಲು ಆಗುವುದಾದರೆ ಮಾತ್ರ ಮಾಡಿ.

ನನಗೆ ಹೆಚ್ಚು ಇಷ್ಟವಾದ ಎಣಿಕೆ ಕಾಂತೀಯ ಅಳತೆಯ ಒಳಗೇ ಇದೆ. ಕಾಂತತೆಯನ್ನು ತಾಪಮಾನದ ಜೊತೆ ಅಳೆದು, ಕ್ಯೂರಿ ನಿಯಮಕ್ಕೆ ಹೊಂದಿಸಿದರೆ 3+ ಸೀರಿಯಂ ಎಷ್ಟಿದೆ ಎಂದು ಸಿಗುತ್ತದೆ. ಎಲ್ಲ ಸೀರಿಯಂ 3+ ಆಗಿದ್ದರೆ ಕ್ಯೂರಿ ಸ್ಥಿರಾಂಕ ಗ್ರಾಂಗೆ 0.0047 ಸಿಜಿಎಸ್ ಮಾನ. ನಿಮಗೆ 0.00047 ಬಂದರೆ ಹತ್ತರಲ್ಲಿ ಒಂದು 3+. ಇದು ಅದೇ ಮುಚ್ಚಿದ ಟ್ಯೂಬಿನಿಂದ, ಪೂರ್ತಿ ಪುಡಿಯಿಂದ ಬರುವ ಸಂಖ್ಯೆ. 100 ಕೆಲ್ವಿನ್‌ಗಿಂತ ಮೇಲಿನ ಭಾಗದಲ್ಲಿ ಹೊಂದಿಸಿ. ಅದಕ್ಕಿಂತ ಕೆಳಗೆ ಸುತ್ತಲಿನ ಅಯಾನಿಗಳ ಪ್ರಭಾವದಿಂದ 3+ ಸೀರಿಯಂನ ಮೊಮೆಂಟ್ ಕುಗ್ಗುತ್ತದೆ.

ಹಂತ 7: ಕಾಂತತೆ ಅಳೆಯುವುದು

50 ಮಿಲಿಗ್ರಾಂ ಪುಡಿಯ ಸಿಗ್ನಲ್ ಒಂದು ಲಕ್ಷದಲ್ಲಿ ಐದು ಪಾಲು ಇಎಂಯು. ಮಾದರಿಯನ್ನು ಕಂಪಿಸಿ ಅಳೆಯುವ ವಿಎಸ್‌ಎಂ ಮ್ಯಾಗ್ನೆಟೋಮೀಟರ್ ಇದನ್ನು ಹಿಡಿಯುತ್ತದೆ, ಆದರೆ ಅದಕ್ಕಿಂತ ಸೂಕ್ಷ್ಮವಾದ ಸ್ಕ್ವಿಡ್ ಮ್ಯಾಗ್ನೆಟೋಮೀಟರ್ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

300 ಕೆಲ್ವಿನ್‌ನಲ್ಲಿ ಎರಡೂ ದಿಕ್ಕಿನಲ್ಲಿ 5 ಟೆಸ್ಲಾವರೆಗೆ ಪೂರ್ತಿ ಲೂಪ್, ಅಂದರೆ ಕ್ಷೇತ್ರ ಏರಿಸಿ ಇಳಿಸುವಾಗ ಕಾಂತತೆ ಬರೆಯುವ ವಕ್ರ, ತೆಗೆಯಿರಿ. ಸೊನ್ನೆಯ ಎರಡೂ ಬದಿ ಅರ್ಧ ಟೆಸ್ಲಾದೊಳಗೆ ಬಿಂದುಗಳು ದಟ್ಟವಾಗಿರಲಿ. ಅದೇ ಲೂಪನ್ನು 100 ಮತ್ತು 5 ಕೆಲ್ವಿನ್‌ನಲ್ಲೂ ತೆಗೆಯಿರಿ. ಆಮೇಲೆ ಕ್ಷೇತ್ರ ಇಲ್ಲದೆ ತಣಿಸಿ ಒಮ್ಮೆ, ಕ್ಷೇತ್ರದಲ್ಲಿ ತಣಿಸಿ ಒಮ್ಮೆ ತಾಪಮಾನದ ಓಟ, ಅಂದರೆ ತಾಪಮಾನ ಬದಲಿಸುತ್ತಾ ಕಾಂತತೆ ಅಳೆಯುವುದು.

ಸೂಪರ್‌ಕಂಡಕ್ಟಿಂಗ್ ಕಾಯಿಲ್‌ನಲ್ಲಿ ದೊಡ್ಡ ಕ್ಷೇತ್ರದ ನಂತರ ಹತ್ತಾರು ಓರ್ಸ್ಟೆಡ್ (10,000 ಓರ್ಸ್ಟೆಡ್ ಅಂದರೆ 1 ಟೆಸ್ಲಾ) ಸಿಕ್ಕಿಬಿದ್ದಿರುತ್ತದೆ. ಯಂತ್ರ ಸೊನ್ನೆ ಎಂದು ತೋರಿಸುವಾಗ ನಿಜಕ್ಕೂ ಸೊನ್ನೆ ಇರುವುದಿಲ್ಲ. ನಿಮ್ಮ ಕೊಯರ್ಸಿವಿಟಿಯೂ, ಅಂದರೆ ಕಾಂತತೆಯನ್ನು ಸೊನ್ನೆಗೆ ತರಲು ಬೇಕಾದ ಹಿಮ್ಮುಖ ಕ್ಷೇತ್ರವೂ, ಹತ್ತಾರು ಓರ್ಸ್ಟೆಡ್ ಇದ್ದರೆ ಅದು ಮಾದರಿಯದೋ ಕಾಯಿಲ್‌ನದೋ? ಶುದ್ಧ ಪಲ್ಲೇಡಿಯಂ ತುಂಡಿನ ಮೇಲೆ ಅದೇ ಕ್ರಮದಲ್ಲಿ ಲೂಪ್ ತೆಗೆದು ಕ್ಷೇತ್ರವನ್ನು ಸರಿಪಡಿಸಿಕೊಳ್ಳಿ. ಪಲ್ಲೇಡಿಯಂಗೆ ಲೂಪ್ ಇರಬಾರದು. ಕಂಡದ್ದೆಲ್ಲ ಯಂತ್ರದ ಪಾಲು.

ಪುಡಿಯನ್ನು ಮೂರು ಪಾಲು ಮಾಡಿ ಬೇರೆ ಬೇರೆಯಾಗಿಯೂ ಅಳೆಯಿರಿ. ಸಿಗ್ನಲ್ ಪುಡಿಯದೇ ಆದರೆ ಗ್ರಾಂ ಲೆಕ್ಕದಲ್ಲಿ ಮೂರೂ ಒಂದೇ ಬರಬೇಕು. ಒಂದರಲ್ಲಿ ಜಾಸ್ತಿ, ಉಳಿದೆರಡರಲ್ಲಿ ಏನೂ ಇಲ್ಲ ಅಂದರೆ ಎಲ್ಲೋ ಒಂದು ಕಬ್ಬಿಣದ ಚೂರು ಕೂತಿದೆ. ಇಷ್ಟು ಅಗ್ಗದ ಪರೀಕ್ಷೆಯನ್ನು ಬಿಡಲು ಯಾವ ಕಾರಣವೂ ಇಲ್ಲ.

ಹಿನ್ನೆಲೆ ಕಳೆಯುವಾಗ ಮೊದಲು ಖಾಲಿ ಟ್ಯೂಬಿನ ಲೂಪ್ ಕಳೆಯಿರಿ. ನಂತರ 300 ಕೆಲ್ವಿನ್ ಲೂಪಿನಲ್ಲಿ 2 ಟೆಸ್ಲಾ ಮೇಲಿನ ನೇರ ಗೆರೆಯ ಇಳಿಜಾರನ್ನು ಕಳೆಯಿರಿ. 5 ಕೆಲ್ವಿನ್‌ನಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಪ್ಯಾರಾಕಾಂತತೆಯೇ ಬಾಗುತ್ತದೆ. ನೇರ ಗೆರೆ ಎಂದುಕೊಂಡು ಕಳೆದರೆ ಇಲ್ಲದ ಫೆರೋಕಾಂತತೆ ಹುಟ್ಟಿಕೊಳ್ಳುತ್ತದೆ. ಪ್ಯಾರಾಕಾಂತತೆಯ ಈ ಬಾಗುವಿಕೆಯನ್ನು ವಿವರಿಸುವ ಬ್ರಿಲುವಾ ವಕ್ರವನ್ನು ಸೇರಿಸಿ ಹೊಂದಿಸಬೇಕು.

ಹಂತ 8: ಓದಿಕೊಳ್ಳುವುದು

ಒಂದು ಅಕ್ಷದಲ್ಲಿ 3+ ಸೀರಿಯಂನ ಪಾಲು, ಇನ್ನೊಂದರಲ್ಲಿ ಸ್ಯಾಚುರೇಷನ್ ಕಾಂತತೆ. ನಾಲ್ಕೂ ಚಕ್ರಗಳ ಬಿಂದುಗಳನ್ನು ಇಡಿ. ಎರಡನೇ ಆಮ್ಲಜನಕ ಬಿಂದು ಮೊದಲನೆಯದರ ಪಕ್ಕಕ್ಕೆ, ಎರಡನೇ ಹೈಡ್ರೋಜನ್ ಬಿಂದು ಮೊದಲ ಹೈಡ್ರೋಜನ್ ಬಿಂದುವಿನ ಪಕ್ಕಕ್ಕೆ ಬಂದು ಕೂರಬೇಕು. ನೇರ ಗೆರೆಯೇ ಬರಬೇಕೆಂದಿಲ್ಲ. ವಾಪಸ್ ಬರುವುದು ಮುಖ್ಯ. ಚಕ್ರದಿಂದ ಚಕ್ರಕ್ಕೆ ಕಾಂತತೆ ಸುಮ್ನೆ ಏರುತ್ತಲೇ ಹೋದರೆ ಫರ್ನೇಸಿನಿಂದ ಏನೋ ಸೇರುತ್ತಿದೆ.

ಈಗ ಕಬ್ಬಿಣ ಬೆರೆಸಿದ ಮಾದರಿಯ ಬಿಂದುಗಳನ್ನು ಅದೇ ಚಿತ್ರದಲ್ಲಿಡಿ. ನಿಮ್ಮ ಅಸಲಿ ಮಾದರಿಯಲ್ಲಿ ಐಸಿಪಿ ತೋರಿಸಿದ ಕಬ್ಬಿಣದಿಂದ ಎಷ್ಟು ಕಾಂತತೆ ಬರಬಹುದು ಎಂಬ ಮೇಲ್ಮಿತಿ ಅದರಿಂದ ಸಿಗುತ್ತದೆ. ಅಳೆದ ಕಾಂತತೆ ಆ ಮಿತಿಯ ಒಳಗಿದ್ದರೆ ವೇಕೆನ್ಸಿಯ ಹೆಸರು ಎತ್ತುವಂತಿಲ್ಲ. ಮಿತಿಗಿಂತ ಹಲವು ಪಟ್ಟು ಮೇಲಿದ್ದರೆ ಮಾತ್ರ ಮುಂದಿನ ಮಾತು. ತಾಪಮಾನದ ಓಟದಲ್ಲಿ 120 ಕೆಲ್ವಿನ್ ಹತ್ತಿರ ಮೆಟ್ಟಿಲು ಕಂಡರೆ ಅದು ಮ್ಯಾಗ್ನೆಟೈಟಿನ ಗುರುತಾದ ವರ್ವೆ ಬದಲಾವಣೆ. ಕಾಣದಿದ್ದರೂ ನಿರಾಳವಾಗಬೇಡಿ, ತೀರಾ ಸಣ್ಣ ಮ್ಯಾಗ್ನೆಟೈಟ್ ಕಣಗಳಲ್ಲಿ ಆ ಮೆಟ್ಟಿಲು ಮಸುಕಾಗುತ್ತದೆ.

ಇಲ್ಲಿಯವರೆಗೂ ದಾಟಿ ಬಂದಿದ್ದರೆ ಲೂಪಿನ ಆಕಾರ ನೋಡಿ. 5 ಮತ್ತು 300 ಕೆಲ್ವಿನ್ ನಡುವೆ ಕೊಯರ್ಸಿವಿಟಿ ಬದಲಾಗುತ್ತಿದೆಯೇ? ಹಾಗಿದ್ದರೆ ಸಾಮಾನ್ಯ ವಿನಿಮಯದ ಮಾತು ಒಪ್ಪುತ್ತದೆ. ಲೂಪೇ ಇಲ್ಲದೆ, ಎಲ್ಲ ತಾಪಮಾನದಲ್ಲೂ ಒಂದೇ ವಕ್ರ ಬರುತ್ತಿದೆಯೇ? ಆಗ ಮೊದಲು ಹೇಳಿದ ಮೂರನೇ ಉತ್ತರ ನೆನಪಿಸಿಕೊಳ್ಳಬೇಕು. 2016ರಲ್ಲಿ ಕೋಯಿ ಮತ್ತು ಸಂಗಡಿಗರು ಸೀರಿಯಾ ನ್ಯಾನೋಕಣಗಳಲ್ಲಿ ಇಂಥದ್ದೇ ವಕ್ರ ಕಂಡರು. ಕಣಗಳು ದೊಡ್ಡ ಗುಂಪಾಗಿರುವಾಗ ಮಾತ್ರ ಅದು ಬರುತ್ತಿತ್ತು. ಬೇರೆ ನಿರುಪದ್ರವಿ ಪುಡಿ ಬೆರೆಸಿ ಗುಂಪನ್ನು ಚದುರಿಸಿದರೆ ಕಾಣೆಯಾಗುತ್ತಿತ್ತು. ಸುಮಾರು 100 ನ್ಯಾನೋಮೀಟರ್ ಅಳತೆಯ ಗುಂಪುಗಳಲ್ಲಿ ಎಲೆಕ್ಟ್ರಾನ್‌ಗಳು ಒಟ್ಟಾಗಿ ಸ್ಪಂದಿಸುತ್ತವೆ, ಇದು ಫೆರೋಕಾಂತತೆ ಅಲ್ಲ, ದೈತ್ಯ ಕಕ್ಷೀಯ ಪ್ಯಾರಾಕಾಂತತೆ ಎಂದು ಅವರು ವಿವರಿಸಿದರು. ಸೀರಿಯಂಗೆ ಹೊಸ ಪುಟ ತೆರೆದ ಕೆಲಸ ಇದು ಎಂದು ನನ್ನ ಭಾವನೆ, ವಿವರಣೆ ಎಲ್ಲರಿಗೂ ಒಪ್ಪಿಗೆಯಾಗದಿದ್ದರೂ.

ಅದನ್ನು ನೀವೂ ಪರೀಕ್ಷಿಸಬಹುದು. ನಿಮ್ಮ ಪುಡಿಯನ್ನು ಶುದ್ಧ ಲ್ಯಾಂಥನಂ ಆಕ್ಸೈಡ್ ನ್ಯಾನೋ ಪುಡಿಯ ಜೊತೆ ಬೇರೆ ಬೇರೆ ಪ್ರಮಾಣದಲ್ಲಿ ಚೆನ್ನಾಗಿ ಬೆರೆಸಿ. ಸೀರಿಯಾದ ಗ್ರಾಂ ಲೆಕ್ಕದಲ್ಲಿ ಕಾಂತತೆ ಹಾಗೇ ಉಳಿದರೆ ಪ್ರತಿ ಕಣವೂ ತಾನಾಗಿಯೇ ಕಾಂತೀಯ, ಇಲ್ಲವೇ ಅದು ಕಬ್ಬಿಣದ್ದು. ಬೆರೆಸಿದಂತೆಲ್ಲ ಕುಸಿದರೆ ಅದು ಗುಂಪಿನ ಗುಣ. ಕಬ್ಬಿಣದ ಅಶುದ್ಧಿಯಾದರೆ ಬೆರೆಸಿದ ಮಾತ್ರಕ್ಕೆ ಕುಸಿಯಲು ಕಾರಣವಿಲ್ಲ. ಹಾಗಾಗಿ ಈ ಒಂದು ಪರೀಕ್ಷೆ ಎರಡು ಪ್ರಶ್ನೆಗೆ ಒಟ್ಟಿಗೆ ಉತ್ತರ ಕೊಡುತ್ತದೆ. ಪ್ರಬಲ ಎಕ್ಸ್-ಕಿರಣ ಕೊಡುವ ಸಿಂಕ್ರೊಟ್ರಾನ್ ಕೇಂದ್ರದಲ್ಲಿ ಸಮಯ ಸಿಕ್ಕರೆ ಎಕ್ಸ್‌ಎಂಸಿಡಿ ಮಾಡಿಸಿ. ಮೊಮೆಂಟ್ ಸೀರಿಯಂ ಮೇಲಿದೆಯೋ ಕಬ್ಬಿಣದ ಮೇಲಿದೆಯೋ ಎಂದು ಧಾತುವಾರು ಹೇಳುವ ವಿಧಾನ ಅದು.

ಹಂತ 9: ಬರೆಯುವುದು

ಹಿನ್ನೆಲೆ ಕಳೆದ ಲೂಪಿನ ಪಕ್ಕದಲ್ಲೇ ಕಳೆಯದ ಲೂಪನ್ನೂ ಹಾಕಿ. ಮಾದರಿಯ ತೂಕ, ಟ್ಯೂಬಿನ ಲೂಪ್, ಪಲ್ಲೇಡಿಯಂ ಲೂಪ್, ಐಸಿಪಿಯ ಕಬ್ಬಿಣ, ಕೋಬಾಲ್ಟ್, ನಿಕ್ಕಲ್ ಸಂಖ್ಯೆಗಳು, ಮೈಕ್ರಾನ್ ಸೀರಿಯಾದ ಫಲಿತಾಂಶ, ಕಬ್ಬಿಣ ಬೆರೆಸಿದ ಮಾದರಿಯ ಏರಿಳಿತ, ಎಲ್ಲವೂ ಪಟ್ಟಿಯಲ್ಲಿರಲಿ. ಕಾಂತತೆಯನ್ನು ಗ್ರಾಂ ಲೆಕ್ಕದಲ್ಲೂ 3+ ಸೀರಿಯಂ ಲೆಕ್ಕದಲ್ಲೂ ಕೊಡಿ. ಪುಡಿ ತಯಾರಾದ ದಿನ, ಅಳೆದ ದಿನ ಎರಡನ್ನೂ ನಮೂದಿಸಿ. ಮುಚ್ಚಿದ ಒಂದು ಟ್ಯೂಬನ್ನು ಎತ್ತಿಟ್ಟು ಆರು ತಿಂಗಳ ನಂತರ ಮತ್ತೆ ಅಳೆಯಿರಿ. ಅದರ ಜೊತೆ ಗಾಳಿಯಲ್ಲಿ ತೆರೆದಿಟ್ಟ ಪುಡಿಯನ್ನೂ ಅಳೆಯಿರಿ. ತೆರೆದಿಟ್ಟದ್ದರಲ್ಲಿ 3+ ಸೀರಿಯಂ ಇಳಿದಿದ್ದು ಕಾಂತತೆ ಮಾತ್ರ ಇದ್ದಲ್ಲೇ ಇದ್ದರೆ, ಹಂತ 2ಕ್ಕೆ ವಾಪಸ್ ಹೋಗಿ ಪಾತ್ರೆ ತೊಳೆಯುವುದರಿಂದ ಮತ್ತೆ ಶುರು ಮಾಡಿ.